ಯಂತ್ರಕ್ಕೆ ಸುಳಿ ನೋಡಿದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಒಂದು ವಸ್ತುವನ್ನು ನೋಡಿ, ತಟ್ಟಿ, ಮೂಸಿ, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ನಿಂತಲ್ಲೇ ಹೇಳಬಲ್ಲ ಮನುಷ್ಯ ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬವೇ ಆಗಿದ್ದರೆ ಘಟ್ಟದ ಕೆಳಗಿನ ತಾಲ್ಲೂಕುಗಳನ್ನೂ ಸೇರಿಸಿಕೊಳ್ಳುತ್ತಿದ್ದೆ. ಹಲಸಿನ ಹಣ್ಣು ಮರದಲ್ಲಿರುವಾಗಲೇ ಒಳಗೆ ಎಷ್ಟು ತೊಳೆ ಇದೆ ಎಂದು ಹೇಳಿದವನು ನಾನು. (ಕೊಯ್ದ ಮೇಲೆ ಲೆಕ್ಕ ತಪ್ಪಿದ್ದರೆ ಅದು ಹಲಸಿನ ತಪ್ಪು.) ಎತ್ತಿನ ಬೆನ್ನಿನ ಮೇಲೆ ಕೂದಲು ತಿರುಗಿದ ಸುಳಿ ನೋಡಿ ಆ ಎತ್ತಿನ ಅಜ್ಜನ ನಡತೆ ಎಂಥದ್ದಿತ್ತು ಎಂದು ಹೇಳಿದವನು ನಾನು. ಊರಿನವರು ದನ ಕೊಳ್ಳಲಿ, ಪಂಪ್‌ಸೆಟ್ ಕೊಳ್ಳಲಿ, ಅಳಿಯನನ್ನು ಗೊತ್ತು ಮಾಡಲಿ, 'ಗಿರಿಯಪ್ಪಗೌಡ್ರನ್ನ ಒಂದ್ಸಲ ಕರ್ಕಂಡು ಹೋಗಣ' ಎನ್ನುತ್ತಾರೆ. ಒಂದು ಸಲ ಎನ್ನುವುದು ನಿಜ. ಎರಡನೆಯ ಸಲ ಯಾರೂ ಕರೆದಿಲ್ಲ. ಒಂದು ಸಲಕ್ಕೇ ಎಲ್ಲ ಸರಿಹೋಗಿರಬೇಕು.

ನನ್ನ ಆಯುಷ್ಯದಲ್ಲಿ ನಾನು ಆರಿಸದೆ ಬಂದದ್ದು ಒಂದೇ, ನನ್ನ ಹೆಂಡತಿ ವೆಂಕಮ್ಮ. ಅವಳು ನನ್ನನ್ನು ಆರಿಸಿದಳು. 'ಅವತ್ತು ಬಾಗಿಲ ಸಂದಿಂದ ನೋಡಿದ್ದು, ಕತ್ತಲೆ ಬೇರೆ ಇತ್ತು' ಎಂದು ಅವಳು ಇಂದಿಗೂ ಬಂದವರಿಗೆಲ್ಲ ಕಾರಣ ಕೊಡುತ್ತಿರುತ್ತಾಳೆ.

ಇಂಥ ನನ್ನ ಮುಂದೆ ನನ್ನ ಮಗ ಪೂರ್ಣೇಶ ಒಂದು ದಿನ ಬಂದು ನಿಂತು, ಮಣ್ಣು ಅಗೆಯುವ ಯಂತ್ರ ತೆಗೆದುಕೊಳ್ಳಬೇಕು ಎಂದ. ಅದೇ, ಉದ್ದ ಕೈ, ಕೈಯ ತುದಿಗೆ ಹಲ್ಲಿನ ಬಕೆಟ್ಟು, ಕಾಲಿನ ಜಾಗದಲ್ಲಿ ಕಬ್ಬಿಣದ ಚೈನು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನಮ್ಮ ಕಡೆ ಯಾವ ಕಂಪನಿಯದೇ ಆಗಲಿ, ಯಾವ ಬಣ್ಣದ್ದೇ ಆಗಲಿ, ಎಲ್ಲವನ್ನೂ ಹಿಟಾಚಿ ಎಂದೇ ಕರೆಯುವುದು. ಎಲ್ಲ ನಾಯಿಯನ್ನೂ ಟಾಮಿ ಎಂದು ಕರೆದ ಹಾಗೆ.

ಪೂರ್ಣೇಶ ಹತ್ತು ವರ್ಷದಿಂದ ಬೇರೆಯವರ ಯಂತ್ರ ಓಡಿಸುತ್ತಿದ್ದ. ಅವನಿಗೆ ಮದುವೆ ಆಗಿರಲಿಲ್ಲ. ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ತಿಂದು, ಕೈ ತೊಳೆದು, ಒರೆಸಿಕೊಳ್ಳಲು ಕೊಟ್ಟ ಟವೆಲನ್ನು ಮಡಿಸಿಟ್ಟು ಹೋಗಿದ್ದವು. ಈಗ ನಿಟ್ಟೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಸುಪ್ರಿಯಾ, ಅಲ್ಲಿನ ಸೊಸೈಟಿಯಲ್ಲಿ ಕೆಲಸ. ಅವಳ ಅಪ್ಪ ಗೋಪಾಲಪ್ಪ ಕಡ್ಡಿ ಮುರಿದ ಹಾಗೆ ಮಾತಾಡುವ ಮನುಷ್ಯ. ನಮ್ಮ ಜಗಲಿಯಲ್ಲಿ ಕೂತು ಕೇಳಿದರು:

"ಹುಡುಗನ ಕೈಲಿ ವಿದ್ಯೆ ಉಂಟು, ಒಪ್ಪಿದೆ. ಕೈ ಕೆಳಗೆ ಎಂತ ಉಂಟು?"

"ಯಂತ್ರ ತಗಳದು ಅಂತ ಉಂಟು" ಎಂದೆ.

"ಯಾವ್ದು?"

"ಅದನ್ನೇ ನೋಡ್ತಾ ಇದೀವಿ."

"ನೋಡಿ. ರಾಮನವಮಿ ಕಳೆದ ಭಾನುವಾರ ಹುಡುಗಿನೂ ಕರ್ಕಂಡು ಬರ್ತೀನಿ. ಅಷ್ಟರೊಳಗೆ ಯಾವ್ದು ಅಂತ ಒಂದು ತೀರ್ಮಾನ ಆಗಿರ್ಲಿ. ಯಂತ್ರ ಬಂದಿರದು ಬ್ಯಾಡ, ತೀರ್ಮಾನ ಬಂದಿದ್ರೆ ಸಾಕು. ತೀರ್ಮಾನ ಮಾಡಕ್ಕಾಗದ ಮನೆಗೆ ಹೆಣ್ಣು ಕೊಟ್ರೆ, ಇವತ್ತು ಎಂತ ಸಾರು ಮಾಡದು ಅಂತ ಕೇಳ್ತಾ ಕೇಳ್ತಾನೇ ಅದರ ಆಯಸ್ಸು ಮುಗೀತದೆ."

ಹೀಗೆ ನನ್ನ ಮಗನ ಮದುವೆ ಒಂದು ಯಂತ್ರದ ಬಾಲಕ್ಕೆ ಕಟ್ಟಿಹೋಯಿತು.

ಈ ಯಂತ್ರಗಳಲ್ಲಿ ಮೂರು ಗಾತ್ರ. ಚಿಕ್ಕದು ನಮ್ಮ ಧರೆಯ ಜಂಬಿಟ್ಟಿಗೆ ಕಲ್ಲಿಗೆ ಹಲ್ಲು ಹಚ್ಚಿದರೆ ಹಲ್ಲೇ ಹೋಗುತ್ತದೆ. ದೊಡ್ಡದು ನಮ್ಮೂರ ಮೋರಿಯ ಮೇಲೆ ಬಂದರೆ ಮೋರಿಯೇ ಹೋಗುತ್ತದೆ. ಉಳಿದದ್ದು ಮಧ್ಯಮ ಗಾತ್ರ. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳು ವೆಂಕಮ್ಮನವು, ಚಿಕ್ಕ ತೀರ್ಮಾನಗಳು ಪೂರ್ಣೇಶನವು. ಮಧ್ಯಮ ಗಾತ್ರದವು ನನಗೆ ಎಂದು ಮೊದಲಿನಿಂದ ಇದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮಧ್ಯಮ ಗಾತ್ರದ ತೀರ್ಮಾನ ಬಂದದ್ದು ಇದೇ ಮೊದಲು. ಸಹಜವಾಗಿ ನಾನು ಮೀಸೆ ತೀಡಿಕೊಂಡು ರಣರಂಗಕ್ಕೆ ಇಳಿದೆ.

ಇಳಿದ ಮೇಲೆ ನೋಡಿದರೆ ರಣರಂಗ ನನ್ನ ಅಡುಗೆಮನೆಯಲ್ಲೇ ಇತ್ತು.

ವೆಂಕಮ್ಮನ ತಮ್ಮ ತೀರ್ಥೇಶ್ ಸಾಗರದಲ್ಲಿ 'ಗಜಬಲ' ಎಂಬ ಹಳದಿ ಯಂತ್ರದ ಏಜೆಂಟು. ನನ್ನ ಮಗಳು ರಕ್ಷಾಳ ಗಂಡ ರವೀಂದ್ರ ತೀರ್ಥಹಳ್ಳಿಯಲ್ಲಿ 'ಓಕಿಮುರ' ಎಂಬ ಕಿತ್ತಳೆ ಯಂತ್ರದ ಏಜೆಂಟು. ಒಬ್ಬ ನನಗೆ ಭಾವಮೈದ, ಒಬ್ಬ ಅಳಿಯ. ಮಹಾಭಾರತದಲ್ಲಿ ಸಹ ಹೀಗೆ ಎರಡೂ ಕಡೆಯವರು ಒಂದೇ ಜಗಲಿಯಲ್ಲಿ ಕೂತು ಒಂದೇ ತಟ್ಟೆಯ ಚಕ್ಕುಲಿ ತಿಂದಿರಲಿಲ್ಲ.

"ಭಾವ, ಲಿಂಗನಮಕ್ಕಿ ಕಟ್ಟೋ ಟೈಮಲ್ಲಿ ನಮ್ಮ ಗಜಬಲ ಇದ್ದಿದ್ರೆ, ಬೆಳಿಗ್ಗೆ ತಿಂಡಿಗೂ ಮಧ್ಯಾಹ್ನ ಊಟಕ್ಕೂ ನಡುವೆ ಅಣೆಕಟ್ಟು ಮುಗೀತಿತ್ತು" ಎಂದ ತೀರ್ಥೇಶ್.

"ಮಾವ, ನಮ್ಮ ಓಕಿಮುರ ಇದ್ದಿದ್ರೆ ಹೊಳೆನೇ ಬೇರೆ ಕಡೆ ತಿರುಗಿಸಿ, ಅಣೆಕಟ್ಟೇ ಬ್ಯಾಡ ಅಂತ ಮಾಡ್ತಿತ್ತು" ಎಂದ ರವೀಂದ್ರ.

"ಹೊಳೆಬಾಗಿಲಲ್ಲಿ ಹಿನ್ನೀರು ದಾಟೋ ಲಾಂಚಿನ ಮೇಲೆ ನಮ್ಮ ಗಜಬಲ ಹತ್ಸಿದಾಗ ಲಾಂಚು ಅರ್ಧ ಗೇಣೂ ತಗ್ಗಲಿಲ್ಲ ಭಾವ, ಗೊತ್ತಾ?"

"ಹಂಗಾದ್ರೆ ಒಳಗೆ ಟೊಳ್ಳು ಅಂತ ಆತು" ಎಂದು ರವೀಂದ್ರ ಚಕ್ಕುಲಿ ಮುರಿದ.

ಅಂದಿನಿಂದ ನನ್ನ ಕಷ್ಟಕಾಲ. ಬೆಳಿಗ್ಗೆ ನಾನು ಓಕಿಮುರದ ಬಣ್ಣದ ಪುಸ್ತಿಕೆ ಕೈಗೆತ್ತಿಕೊಂಡರೆ ವೆಂಕಮ್ಮ ಕಾಫಿಗೆ ಹಾಲು ಹಾಕುವುದನ್ನು ಮರೆಯುತ್ತಿದ್ದಳು. ಗಜಬಲದ ಪುಸ್ತಿಕೆ ಎತ್ತಿಕೊಂಡರೆ ಕಾಫಿ ಸರಿಯಾಗಿ ಬರುತ್ತಿತ್ತು, ಆದರೆ ಅಷ್ಟರಲ್ಲಿ ಮಗಳು ಫೋನು ಮಾಡುತ್ತಿದ್ದಳು. (ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ ಕಾಣೆ. ಹೆಣ್ಣುಮಕ್ಕಳಿಗೂ ತವರುಮನೆಯ ಗೋಡೆಗೂ ಒಂದು ತಂತಿ ಇರುತ್ತದೆ.)

"ಅಪ್ಪ, ಹಳದಿ ಬಂದ್ರೆ ನಾನು ಆ ಅಂಗಳ ತುಳಿಯದಿಲ್ಲ. ಇವರ ಮರ್ಯಾದೆ ಎಂತ ಆಗ್ಬೇಕು?"

"ಕಿತ್ತಳೆ ಬಂದ್ರೆ ನಾನು ತವರಿಗೆ ಮುಖ ತೋರ್ಸದು ಹೆಂಗೆ?" ಎಂದು ಈ ಕಡೆಯಿಂದ ವೆಂಕಮ್ಮ.

"ಎರಡು ಬಣ್ಣ ಬೆರೆಸಿ ಬಳಿಸಿದ್ರೆ ಆಗದಾ?" ಎಂದೆ. ಆ ದಿನ ಊಟಕ್ಕೆ ಉಪ್ಪಿಲ್ಲದ ಸಾರು, ಎರಡು ಸಲ ಉಪ್ಪು ಬಿದ್ದ ಪಲ್ಯ. ಬೆರೆಸಿ ತಿನ್ನಿ ಎಂದಳು.

ಪೂರ್ಣೇಶನನ್ನು ಕೇಳಿದೆ. "ಎರಡೂ ಚೆನ್ನಾಗೇ ಉಂಟು ಅಪ್ಪ. ಯಾವುದಾದ್ರೂ ಒಂದು ಹೇಳಿ, ಭಾನುವಾರ ಹತ್ರ ಬಂತು" ಎಂದ. ಹತ್ತು ವರ್ಷ ಯಂತ್ರ ಓಡಿಸಿದವನು ಕೊಡುವ ಉತ್ತರವೇ ಇದು? ವಸ್ತು ಎರಡಿದ್ದರೆ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇರಲೇಬೇಕು. ಇಲ್ಲದಿದ್ದರೆ ನನ್ನಂಥವನು ಹುಟ್ಟಿದ್ದಾದರೂ ಏತಕ್ಕೆ?

ಆದ್ದರಿಂದ ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಹೊರಟೆ. ಮೊದಲು ಸಾಗರ. ತೀರ್ಥೇಶ್ ನನ್ನನ್ನು ಗಜಬಲದ ಮುಂದೆ ನಿಲ್ಲಿಸಿ, ಅಶ್ವಶಕ್ತಿ, ಹೈಡ್ರಾಲಿಕ್ಕು, ಡೀಸೆಲ್ ಖರ್ಚು ಎಂದು ಏನೇನೋ ಓದತೊಡಗಿದ. ನಾನು ಕೈಯೆತ್ತಿ ಸುಮ್ಮನಿರಿಸಿದೆ. ಚಪ್ಪಲಿ ಕಳಚಿ ಮೂರು ಸುತ್ತು ಬಂದೆ. ಬೆನ್ನಿನ ಭಾಗದಲ್ಲಿ ಸುಳಿಯಂಥದ್ದು ಏನಾದರೂ ಕಾಣುತ್ತದೆಯೇ ಎಂದು ಬಗ್ಗಿ ನೋಡಿದೆ. ಬಣ್ಣ ಬಳಿಯುವಾಗ ಬ್ರಷ್ಷು ತಿರುಗಿಸಿದ ಒಂದು ಗುರುತಿತ್ತು, ಬಲಕ್ಕೆ ತಿರುಗಿತ್ತು, ಶುಭ. ಹೊಟ್ಟೆಯ ಮೇಲೆ ಗೆಣ್ಣಿನಿಂದ ತಟ್ಟಿದೆ. ಆಮೇಲೆ ಬಕೆಟ್ಟಿನ ಹಲ್ಲು ಎಣಿಸಿದೆ. ಐದು. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿಗೂಡಿತು, ಪ್ರಾಯ ತುಂಬಿತು ಎಂದು ಲೆಕ್ಕ.

"ಇದು ಇನ್ನೂ ಕರು ಮಾರಾಯ" ಎಂದೆ.

ಅಲ್ಲಿದ್ದ ಮೆಕ್ಯಾನಿಕ್ಕುಗಳು ತಮ್ಮ ಕೆಲಸ ಬಿಟ್ಟು ಬಂದು ನಿಂತರು. ಅವರಿಗೂ ಇಂಥ ವಿದ್ಯೆ ನೋಡಲು ಸಿಕ್ಕಿರಲಿಕ್ಕಿಲ್ಲ. ಒಬ್ಬ ವೀಡಿಯೋ ಸಹ ಮಾಡಿಕೊಂಡ.

ಮರುದಿನ ತೀರ್ಥಹಳ್ಳಿ. ಓಕಿಮುರಕ್ಕೂ ಐದೇ ಹಲ್ಲು. ಅದಕ್ಕೂ ಬಲಸುಳಿ. ತಟ್ಟಿದರೆ ಅದೇ ಸದ್ದು. ಒಂದೇ ಪ್ರಾಯದ ಜೋಡಿ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಕೈಚೆಲ್ಲುತ್ತಿದ್ದರು. ನನಗೆ ಇಲ್ಲೇ ಮಹಾನ್ ಉಪಾಯ ಹೊಳೆದದ್ದು.

ನಮ್ಮಲ್ಲಿ ಎತ್ತು ಕೊಳ್ಳುವಾಗ ಕೊನೆಯ ಪರೀಕ್ಷೆ ಎಂದರೆ ಹುದುಲು. ನಮ್ಮ ಮನೆಯ ಕೆಳಗೇ ಅಂಥದ್ದೊಂದು ಗದ್ದೆಯಿದೆ. ಅಡಿಯಲ್ಲಿ ಒರತೆ. ಬೇಸಗೆಯಲ್ಲಿ ಮೇಲೆ ಹಪ್ಪಳದಂತೆ ಒಣಗಿ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಪಾಯಸ. ನನ್ನ ಅಪ್ಪ ಯಾವ ಎತ್ತು ತಂದರೂ ಮೊದಲು ಆ ಗದ್ದೆಗೆ ಇಳಿಸುತ್ತಿದ್ದರು. ಹೂತ ಕಾಲನ್ನು ತಾನೇ ಕಿತ್ತುಕೊಂಡು ಬಂದರೆ ಕೊಳ್ಳುವುದು, ಮಲಗಿಬಿಟ್ಟರೆ ಮಾರಿದವನ ಮನೆಗೆ ವಾಪಸು. ಒಣನೆಲದಲ್ಲಿ ಕತ್ತೆಯೂ ನಡೆಯುತ್ತದೆ. ಯಂತ್ರದ ಯೋಗ್ಯತೆ ತಿಳಿಯುವುದಿದ್ದರೆ ಹುದುಲಿನಲ್ಲೇ ತಿಳಿಯಬೇಕು. ಅಲ್ಲದೆ ಆ ಗದ್ದೆಯ ಮೂಲೆಯಲ್ಲಿ ಒಂದು ಕೆರೆ ತೋಡಿಸಬೇಕೆಂದು ನನಗೆ ಬಹುದಿನದ ಆಸೆ. ಇಬ್ಬರೂ ಡೆಮೊ ಕೊಡಲು ತುದಿಗಾಲಲ್ಲಿದ್ದರು. ಪರೀಕ್ಷೆಗೆ ಪರೀಕ್ಷೆ, ಕೆರೆಗೆ ಕೆರೆ.

ಶನಿವಾರ, ಗೋಪಾಲಪ್ಪನವರು ಬರುವ ಹಿಂದಿನ ದಿನ, ಎರಡು ಟ್ರೇಲರುಗಳ ಮೇಲೆ ಎರಡು ಯಂತ್ರಗಳು ನಮ್ಮ ಅಂಗಳಕ್ಕೆ ಬಂದು ಇಳಿದವು. ಏಜೆಂಟರಿಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನಾನು ಪರೀಕ್ಷೆಯ ನಿಯಮ ಹೇಳಿದೆ. ಪೂರ್ಣೇಶನ ಮುಖ ಬಾಡಿತು.

"ಅಪ್ಪ, ಅದು ಎತ್ತಲ್ಲ. ಹದಿನಾಲ್ಕು ಟನ್ನು."

"ಎತ್ತಿಗೆ ಕಾಲುಂಟು, ಅದಕ್ಕೇ ಹುಗಿಯದು. ಇದಕ್ಕೆ ಕಾಲೇ ಇಲ್ಲ, ಚೈನು. ಹಾವಿಗೆ ಕಾಲಿಲ್ಲ, ಎಲ್ಲಾದ್ರೂ ಹಾವು ಹುಗಿದು ಕೂತದ್ದು ನೋಡಿದ್ಯಾ?"

ತರ್ಕದಲ್ಲಿ ನನ್ನನ್ನು ಗೆದ್ದವರು ಹೊಸನಗರ ತಾಲ್ಲೂಕಿನಲ್ಲಿ ಇಲ್ಲ, ವೆಂಕಮ್ಮ ಒಬ್ಬಳನ್ನು ಬಿಟ್ಟರೆ. ಅವಳೂ ಗೆಲ್ಲುವುದು ತರ್ಕದಿಂದಲ್ಲ.

"ಭಾವ, ನಮ್ಮ ಕಂಪನಿಯವ್ರು ಜೌಗು ಜಾಗಕ್ಕೆ ಇಳಿಸ್ಬ್ಯಾಡಿ ಅಂತ ಹೇಳಿದಾರೆ" ಎಂದು ತೀರ್ಥೇಶ್ ಮೆಲ್ಲಗೆ ಶುರುಮಾಡಿದ.

"ಹೆದರಿಕೆ ಆದ್ರೆ ಬ್ಯಾಡ ಬಿಡಿ ಮಾವಯ್ಯ" ಎಂದ ರವೀಂದ್ರ, ತನ್ನ ಯಂತ್ರಕ್ಕೆ ಒರಗಿಕೊಂಡು.

ಅಷ್ಟು ಸಾಕಾಯಿತು. ತೀರ್ಥೇಶ್ ತನ್ನ ಡ್ರೈವರಿಗೆ ಸನ್ನೆ ಮಾಡಿದ. ಗಜಬಲ ಗುಡುಗುತ್ತ ಗದ್ದೆಗೆ ಇಳಿಯಿತು. ಏನು ಗಾಂಭೀರ್ಯ, ಏನು ನಡಿಗೆ. ದಸರಾ ಆನೆಗೂ ಆ ಠೀವಿ ಇಲ್ಲ. ನಾನು ಬದುವಿನ ಮೇಲೆ ನಿಂತು 'ಹೋಯ್, ಹೋಯ್' ಎಂದು ಎತ್ತಿಗೆ ಹೇಳುವ ಹಾಗೆ ಹೇಳುತ್ತಿದ್ದೆ. ಗದ್ದೆಯ ನಡುವಿನವರೆಗೆ ಹೋಯಿತು. ಅಲ್ಲಿ ಹಪ್ಪಳ ಮುರಿದ ಸದ್ದಾಯಿತು. ಯಂತ್ರ ಒಮ್ಮೆ ನಿಟ್ಟುಸಿರು ಬಿಟ್ಟು, ಊಟವಾದ ಮೇಲೆ ಯಜಮಾನರು ಆರಾಮಕುರ್ಚಿಯಲ್ಲಿ ಕೂರುವ ಹಾಗೆ, ನಿಧಾನವಾಗಿ, ಹಿಂದೆ ಒರಗಿ, ಕೂತುಬಿಟ್ಟಿತು. ಡ್ರೈವರು ಬಾಗಿಲು ತೆರೆದಾಗ ಕೆಸರೇ ಮೆಟ್ಟಿಲಾಗಿತ್ತು.

ರವೀಂದ್ರನ ಮುಖದಲ್ಲಿ ದೀಪಾವಳಿ. "ಮಾವ, ಫಲಿತಾಂಶ ಬಂತಲ್ಲ."

"ಬರದೆಂತದು, ಮಣ್ಣಾಂಗಟ್ಟಿ" ಎಂದು ವೆಂಕಮ್ಮ ಅಡುಗೆಮನೆಯಿಂದ ಸೌಟು ಸಮೇತ ಬಂದಳು. "ನನ್ನ ತಮ್ಮನ ಯಂತ್ರ ಮುಳುಗ್ಸಿ ಅಳಿಯನ ಯಂತ್ರ ಒಣಗ್ಸಿಟ್ಟಿದೀರಲ್ಲ, ಇದು ಯಾವ ಪರೀಕ್ಷೆ? ಅದನ್ನೂ ಇಳಿಸಿ ನೋಡಣ."

"ಅಮ್ಮ, ಇನ್ನೊಂದು ಇಳಿಸಿದ್ರೆ ಎರಡೂ ಹೋಗ್ತದೆ" ಎಂದ ಪೂರ್ಣೇಶ.

"ಹೋಗದು ಎಂತಕ್ಕೆ? ನಾನು ಅದನ್ನ ಎಳೆದು ತೆಗಿತೀನಿ ನೋಡು" ಎಂದು ರವೀಂದ್ರ ಅಂಗಿಯ ತೋಳು ಮಡಿಸಿದ. ಮಾವನ ಮುಂದೆ, ಅತ್ತೆಯ ಮುಂದೆ, ಸೋತ ಎದುರಾಳಿಯ ಮುಂದೆ ಅಳಿಯನಿಗೆ ಏರುವ ಧೈರ್ಯವನ್ನು ಯಾವ ಕಂಪನಿಯೂ ಅಳೆದಿಲ್ಲ. ಓಕಿಮುರ ಬದುವಿನಿಂದ ಗದ್ದೆಗೆ ಇಳಿಯಿತು. ಗಜಬಲಕ್ಕೆ ಇನ್ನೇನು ಕೈ ತಾಗಬೇಕು, ಅಷ್ಟು ಹತ್ತಿರ ಹೋಗಿ, ಅದರ ಪಕ್ಕದಲ್ಲೇ, ಅದೇ ವಿನಯದಿಂದ ಕೂತಿತು. ಹೂತುಹೋಗುವುದರಲ್ಲಿ ಎರಡಕ್ಕೂ ಒಂದು ಅಂಗುಲದ ವ್ಯತ್ಯಾಸವಿರಲಿಲ್ಲ. ಪರೀಕ್ಷೆ ಇಲ್ಲಿಯೂ ಸಮಸಮ.

ಆ ಸಂಜೆ ತೀರ್ಥೇಶ್ ಜಗಲಿಯ ಈ ತುದಿ, ರವೀಂದ್ರ ಆ ತುದಿ, ನಡುವೆ ಬೆಕ್ಕು. ಪೂರ್ಣೇಶ ಗದ್ದೆಯ ಕಡೆ ಮುಖ ಮಾಡಿ ಕೂತಿದ್ದ. ನಾನು ಹತ್ತಿರ ಹೋಗಿ "ನಾಳೆ ಅವ್ರು ಬರದನ್ನ ಮುಂದೆ ಹಾಕ್ಸಣಾ?" ಎಂದೆ.

"ಹಿಂದೆನೂ ಹಂಗೇ ಮುಂದೆ ಹಾಕಿ ಹಾಕಿ ನನಗೆ ಮೂವತ್ತೈದಾತು ಅಪ್ಪ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿದ್ದ ಹಾವಿನ ತರ್ಕವನ್ನು ನುಂಗಿಕೊಂಡು ಒಳಗೆ ಬಂದೆ.

ಭಾನುವಾರ ಬೆಳಿಗ್ಗೆ ಗೋಪಾಲಪ್ಪನವರ ಜೀಪು ಬಂತು. ಇಳಿದವರು ಮನೆ ನೋಡಲಿಲ್ಲ, ನಮ್ಮನ್ನು ನೋಡಲಿಲ್ಲ, ನೇರ ಗದ್ದೆ ನೋಡಿದರು. ಅಲ್ಲಿ ಎರಡು ಎಮ್ಮೆಗಳು ಹೊಂಡದಲ್ಲಿ ಮಲಗಿ ಕತ್ತು ಮಾತ್ರ ಎತ್ತಿದ ಹಾಗೆ, ಒಂದು ಹಳದಿ ಕೈ, ಒಂದು ಕಿತ್ತಳೆ ಕೈ, ಆಕಾಶಕ್ಕೆ ಚಾಚಿದ್ದವು.

"ಎಂತ ಗೌಡ್ರೆ, ಎರಡು ತಗಂಡ್ರಾ?"

ನನ್ನ ಮಗನ ಮದುವೆ, ನನ್ನ ಮಾನ, ಮೂರು ತಾಲ್ಲೂಕಿನ ನನ್ನ ಕೀರ್ತಿ, ಎಲ್ಲ ಒಂದೇ ಗಂಟಲಿಗೆ ಬಂದು ನಿಂತವು. ಆ ಗಂಟಲಿನಿಂದ ನಾನೇ ಕೇಳಿದರೂ ನಂಬಲಾಗದ ಮಾತು ಹೊರಬಿತ್ತು.

"ನೆನೆ ಹಾಕಿದೀವಿ."

"ಎಂತ?"

"ಹೊಸ ಮಡಿಕೆನ ಒಲೆ ಮೇಲೆ ಇಡಕ್ಕೆ ಮೊದಲು ನೀರಲ್ಲಿ ನೆನೆ ಹಾಕಲ್ವಾ? ಇಲ್ಲದಿದ್ರೆ ಬಿರುಕು ಬಿಡ್ತದೆ. ಇದೂ ಹಂಗೇ. ಚೈನು ಕೆಸರು ಕುಡೀಬೇಕು. ಹಳಬರ ಪದ್ಧತಿ. ಈಗಿನವರಿಗೆ ಗೊತ್ತಿಲ್ಲ."

ಗೋಪಾಲಪ್ಪ ತಲೆ ತುರಿಸಿಕೊಂಡರು. ಅವರ ಹಿಂದೆ ನಿಂತಿದ್ದ ಸುಪ್ರಿಯಾ ಗದ್ದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತುಂಬ ಮರ್ಯಾದೆಯಿಂದ ಕೇಳಿದಳು:

"ಎಷ್ಟು ದಿನ ನೆನೀಬೇಕು ಗೌಡ್ರೆ? ಮೊಳಕೆ ಬರ ತನಕನಾ?"

ಅಷ್ಟರಲ್ಲಿ ಕೆಸರಿನಿಂದ ಪೂರ್ಣೇಶ ಎದ್ದು ಬಂದ. ಬೆಳಗಿನಿಂದ ಯಂತ್ರಗಳ ಬುಡ ಕೆದಕುತ್ತಿದ್ದ. ಹೆಣ್ಣು ನೋಡಲು ಹೊಲಿಸಿದ ಪ್ಯಾಂಟು ಮನೆಯಲ್ಲಿ ಮಡಿಸಿಯೇ ಇತ್ತು. ಇವನ ಮೈಮೇಲೆ ಕಣ್ಣು ಮತ್ತು ಹಲ್ಲು ಬಿಟ್ಟು ಉಳಿದದ್ದೆಲ್ಲ ಗದ್ದೆ.

"ನೆನೆ ಹಾಕಿದ್ದೂ ಇಲ್ಲ, ಎಂತದೂ ಇಲ್ಲ. ಹುಗಿದು ಹೋಗಿದಾವೆ. ಎರಡೂ ನಮ್ಮದಲ್ಲ, ಡೆಮೊಕ್ಕೆ ಬಂದದ್ದು. ಯಾವ್ದು ತಗಳದು ಅಂತ ತೀರ್ಮಾನನೂ ಆಗಿಲ್ಲ. ನೀವು ಹೇಳಿದ್ದು ಒಂದೇ ಮಾತು, ಅದೂ ಆಗಿಲ್ಲ. ಒಳಗೆ ಕೂತು ಕಾಫಿ ಕುಡೀರಿ, ನಾನು ಇವನ್ನ ತೆಗಿಬೇಕು" ಎಂದವನು ನನ್ನ ಕಡೆ ತಿರುಗಿ, "ಅಪ್ಪ, ದಿಮ್ಮಿ ಬೇಕು" ಎಂದ.

ಕೊಟ್ಟಿಗೆಯ ಪಕ್ಕದಲ್ಲಿ ನನ್ನ ಹಲಸಿನ ದಿಮ್ಮಿಗಳಿದ್ದವು. ಒಂದೊಂದನ್ನೂ ನಾನೇ ನಿಂತು ತಟ್ಟಿ ನೋಡಿ ಆರಿಸಿದ್ದು. ನಾನು ಮಲಗಲೆಂದು ಒಂದು ಮಂಚ ಮಾಡಿಸುವುದಿತ್ತು, ತಲೆಯ ಕಡೆ ಸಿಂಹದ ಮುಖ ಇರುವಂಥದ್ದು.

"ಹಲಸು ಬ್ಯಾಡ ಮಾರಾಯ, ಅಡಿಕೆ ಮರ..."

"ಅಡಿಕೆ ಮರ ಸೀಳಿಹೋಗ್ತದೆ."

"ತಗಳೋ ಪೂರ್ಣೇಶ" ಎಂದಳು ವೆಂಕಮ್ಮ. "ಇವರು ನೆಲದ ಮೇಲೆ ಮಲಗ್ಲಿ. ಬಿದ್ರೂ ದೂರ ಹೋಗಲ್ಲ."

ಮುಂದಿನದನ್ನು ನಾನು ಬದುವಿನ ಮೇಲೆ ಕೂತು ನೋಡಿದೆ, ನೋಡಲಾಗದೆ ಕಣ್ಣು ಮುಚ್ಚಿಕೊಂಡೆ, ಮತ್ತೆ ನೋಡಿದೆ. ಪೂರ್ಣೇಶ ದಿಮ್ಮಿಗಳನ್ನು ಚೈನಿನ ಮುಂದೆ ಒಂದೊಂದಾಗಿ ತುರುಕಿದ. ತಾನೇ ಗಜಬಲಕ್ಕೆ ಹತ್ತಿ ಕೂತ. ಯಂತ್ರದ ಕೈಯನ್ನು ದೂರ ಚಾಚಿ, ಐದೂ ಹಲ್ಲು ಬದುವಿಗೆ ಊರಿ, ಮುದುಕರು ಕೋಲು ಊರಿ ಏಳುವ ಹಾಗೆ ಅದನ್ನು ಎಬ್ಬಿಸಿದ. ಯಂತ್ರ ನನ್ನ ಮಂಚದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿತು. ಸಿಂಹದ ಮುಖ ಆಗಬೇಕಿದ್ದ ದಿಮ್ಮಿ ಹದಿನಾಲ್ಕು ಟನ್ನಿನ ಕೆಳಗೆ ಒಂದು ಸಲ ಮುಲುಗಿ ಪಾತಾಳಕ್ಕೆ ಹೋಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎರಡೂ ಯಂತ್ರಗಳು ದಡದಲ್ಲಿದ್ದವು. ಮಂಚ ಮಾತ್ರ ಗದ್ದೆಯಲ್ಲಿ. ಯಂತ್ರಗ‌ಳು ಎದ್ದುಬಂದ ಎರಡು ಹೊಂಡಗಳಲ್ಲಿ ಒರತೆಯ ನೀರು ತುಂಬತೊಡಗಿತು. ಕೆರೆ ಬೇಕು ಎಂದು ಕೇಳಿದ್ದೆನಲ್ಲ, ಒಂದರ ಜಾಗದಲ್ಲಿ ಎರಡು ಸಿಕ್ಕವು.

ಅಷ್ಟೂ ಹೊತ್ತು ಸುಪ್ರಿಯಾ ಬದುವಿನ ಮೇಲೆ ನಿಂತಿದ್ದಳು. ಎಲ್ಲಿ ದಿಮ್ಮಿ ಜಾರುತ್ತಿದೆ, ಯಾವ ಕಡೆ ವಾಲುತ್ತಿದೆ ಎಂದು ಕೈಸನ್ನೆ ಮಾಡುತ್ತಿದ್ದಳು. ಪೂರ್ಣೇಶ ಅವಳ ಕೈ ನೋಡಿಯೇ ಯಂತ್ರ ತಿರುಗಿಸುತ್ತಿದ್ದ. ಕೊನೆಯಲ್ಲಿ ಅವಳು ಒಳಗೆ ಹೋಗುವಾಗ ನನ್ನ ಹತ್ತಿರ ನಿಂತು, "ಪಾಪ, ಮಾವ, ಒಳ್ಳೆ ದಿಮ್ಮಿ" ಎಂದಳು. ಬೆಳಿಗ್ಗೆ ಗೌಡ್ರೆ ಆಗಿದ್ದವನು ಮಧ್ಯಾಹ್ನಕ್ಕೆ ಮಾವ ಆಗಿದ್ದೆ. ದಿಮ್ಮಿಯ ದುಃಖದಲ್ಲಿ ಅದನ್ನು ಗಮನಿಸಿದ್ದು ನಾನು ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ.

ಜಗಲಿಯಲ್ಲಿ ಎಲ್ಲರೂ ಊಟದ ಎಲೆಯ ಮುಂದೆ ಕೂತೆವು. ಏಜೆಂಟರು ಮತ್ತೆ ಶುರುವಾದರು.

"ಮೊದಲು ಎದ್ದು ಬಂದದ್ದು ನಮ್ಮ ಗಜಬಲ ಭಾವ."

"ಮೊದಲು ಬಿದ್ದದ್ದೂ ಅದೇ ಅಲ್ದಾ ಮಾವ."

"ಇಬ್ರೂ ಸುಮ್ನಿರಿ" ಎಂದರು ಗೋಪಾಲಪ್ಪ. "ಗೌಡ್ರೆ, ಹುಡುಗನ ವಿಷಯ ನನಗೆ ಸಮಾಧಾನ ಆತು. ಹುಗಿದದ್ದನ್ನ ಹುಗಿದದೆ ಅಂತ ಹೇಳೋರು ಕಮ್ಮಿ. ಆದ್ರೆ ನನ್ನ ಮಾತು ಮಾತೇ. ಯಾವ್ದು ತಗಳದು, ತೀರ್ಮಾನ ಹೇಳಿ. ಈಗ."

ಎಲ್ಲರೂ ನನ್ನ ಬಾಯಿ ನೋಡಿದರು. ನನ್ನ ಆಯುಷ್ಯದ ಏಕಮಾತ್ರ ಮಧ್ಯಮ ಗಾತ್ರದ ತೀರ್ಮಾನ. ನಾನು ಗಂಟಲು ಸರಿಪಡಿಸಿಕೊಂಡೆ. ಹಳದಿ ಎಂದರೆ ಮಗಳು ಹೋದಳು. ಕಿತ್ತಳೆ ಎಂದರೆ ಊಟ ಹೋಯಿತು. ಏನೂ ಹೇಳದಿದ್ದರೆ ಸೊಸೆ ಹೋದಳು. ಮೂರು ದಾರಿ, ಮೂರೂ ಹುದುಲು.

"ನೀಲಿ" ಎಂದಿತು ಅಡುಗೆಮನೆ.

ವೆಂಕಮ್ಮ ಮತ್ತು ಸುಪ್ರಿಯಾ ಒಂದೊಂದು ತಟ್ಟೆ ಹೋಳಿಗೆ ಹಿಡಿದು ಹೊರಬಂದರು.

"ಯಾವ ನೀಲಿ?" ಎಂದೆ.

"ನಾರ್ಡೆಕ್ ಅಂತ. ಪೂರ್ಣೇಶ ಒಂದು ವರ್ಷ ಓಡ್ಸಿದಾನಂತೆ, ಚೆನ್ನಾಗುಂಟಂತೆ. ನೀವು ಕೇಳಿದ್ದು ಹಳದಿಯಾ ಕಿತ್ತಳೆಯಾ ಅಂತ, ಅವನು ಅಷ್ಟಕ್ಕೇ ಉತ್ತರ ಕೊಟ್ಟ. ಅವನು ಕೆಸರು ತೊಳಕಳಕ್ಕೆ ಬಂದಾಗ ಈ ಹುಡುಗಿ 'ನಿಮಗೆ ಯಾವ್ದು ಬೇಕು' ಅಂತ ಕೇಳ್ತು. ಹೇಳ್ದ."

"ಅಕ್ಕಾ" ಎಂದ ತೀರ್ಥೇಶ್. "ಅತ್ತೆ" ಎಂದ ರವೀಂದ್ರ. ಮೊದಲ ಬಾರಿಗೆ ಇಬ್ಬರ ದನಿಯೂ ಒಂದೇ ಶ್ರುತಿಯಲ್ಲಿತ್ತು.

"ನೋಡಿ" ಎಂದು ವೆಂಕಮ್ಮ ಇಬ್ಬರ ಎಲೆಗೂ ಹೋಳಿಗೆ ಹಾಕಿದಳು. "ಹಳದಿ ತಗಂಡ್ರೆ ಮಗಳು ಬರಲ್ಲ. ಕಿತ್ತಳೆ ತಗಂಡ್ರೆ ತಮ್ಮ ಬರಲ್ಲ. ನೀಲಿ ತಗಂಡ್ರೆ ಇಬ್ರೂ ಒಟ್ಟಿಗೇ ಬರ್ತೀರಿ, ನಮ್ಮನ್ನ ಬಯ್ಯಕ್ಕಾದ್ರೂ. ತುಪ್ಪ ಹಾಕ್ಲಾ?"

"ಆದ್ರೆ ಆ ನೀಲಿನ ನಾನು ಕಣ್ಣಲ್ಲೂ ನೋಡಿಲ್ಲ" ಎಂದೆ.

"ಅದಕ್ಕೇ ಅದನ್ನ ಆರಿಸಿದ್ದು" ಎಂದಳು.

ಗೋಪಾಲಪ್ಪ ಎಂದೂ ನಗದ ಮನುಷ್ಯ, ಹೋಳಿಗೆ ನೆತ್ತಿಗೇರುವಷ್ಟು ನಕ್ಕರು. ಮದುವೆ ನಿಶ್ಚಯವಾಯಿತು.

ಮದುವೆಗೆ ಮೊದಲೇ ನೀಲಿ ಯಂತ್ರ ಬಂತು. ಅದರಲ್ಲಿ ಒಂದು ವಿಶೇಷ. ತಾನು ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಹೊಟ್ಟೆಯಲ್ಲಿ ಡೀಸೆಲ್ ಎಷ್ಟಿದೆ ಎಂದು ಮನೆಯ ಫೋನಿಗೆ ತಾನೇ ಸಂದೇಶ ಕಳಿಸುತ್ತದೆ. ನನ್ನದು ಗುಂಡಿ ಒತ್ತುವ ಫೋನು. ಹಾಗಾಗಿ ಸುಪ್ರಿಯಾ ಅದನ್ನು ಅತ್ತೆಯ ಫೋನಿಗೆ ಜೋಡಿಸಿ, ಕನ್ನಡದಲ್ಲೇ ಬರುವ ಹಾಗೆ ಮಾಡಿಕೊಟ್ಟಳು. ಮೊದಲ ದಿನವೇ 'ಡೀಸೆಲ್ ಕಡಿಮೆ ಇದೆ' ಎಂದು ಬಂತು. ವೆಂಕಮ್ಮನಿಗೆ ಕಣ್ಣು ತುಂಬಿಬಂತು. "ಈ ಮನೇಲಿ ಹಸಿವು ಆಗಕ್ಕೆ ಮೊದಲೇ ಹೇಳಿದ್ದು ಇದೊಂದೇ. ಉಳಿದವರೆಲ್ಲ ತಟ್ಟೆ ಬಡಿಯೋರು" ಎಂದಳು. ಆಮೇಲೆ ನನ್ನ ಕಡೆ ಯಾಕೆ ನೋಡಿದಳೋ.

ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ. ಸೆಖೆ ಹೇಗಿತ್ತೆಂದರೆ ಕಾಗೆಗಳು ಒಂದರ ನೆರಳಲ್ಲಿ ಇನ್ನೊಂದು ಹಾರುತ್ತಿದ್ದವು. ಪೂರ್ಣೇಶ ಊಟಕ್ಕೆ ಒಳಗೆ ಹೋಗಿದ್ದ. ಯಂತ್ರ ಅಂಗಳದಲ್ಲಿ, ಬೀಗದಕೈ ಅದರಲ್ಲೇ. ಆಚೆಮನೆಯ ಜಟ್ಟಿಂಗಪ್ಪ ಬಂದ.

"ಹಿಟಾಚಿ ಚೆನ್ನಾಗುಂಟಲ್ಲ ಗೌಡ್ರೆ. ನಮ್ಮ ಹುಡುಗನೂ ಒಂದು ತಗಳದು ಅಂತಾನೆ. ಹೆಂಗೆ ಆರಿಸದು ಇದನ್ನ?"

ಅಂಗಳದಲ್ಲಿ ನಿಂತು ಹೇಳುವ ವಿದ್ಯೆಯೇ ಅದು? ನಾನು ಚಪ್ಪಲಿ ಕಳಚಿ ಮೇಲೆ ಹತ್ತಿದೆ. ಎ.ಸಿ. ಹಾಕುವುದನ್ನು ಮಾತ್ರ ಕಲಿತಿದ್ದೆ. ಇಂಜಿನ್ ಚಾಲೂ ಮಾಡಿ, ತಣ್ಣನೆ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ, ಸೀಟಿನಲ್ಲಿ ಒರಗಿ, ಬಾಗಿಲು ಅರ್ಧ ತೆರೆದಿಟ್ಟು ಜಟ್ಟಿಂಗಪ್ಪನಿಗೆ ಮೊದಲಿನಿಂದ ಹೇಳತೊಡಗಿದೆ. ಮೂರು ತಾಲ್ಲೂಕು ತಿರುಗಿದ್ದು. ಸುಳಿ ನೋಡಿದ್ದು. ಹಲ್ಲು ಎಣಿಸಿದ್ದು. ಹಳದಿ, ಕಿತ್ತಳೆ ಎರಡನ್ನೂ ಹುದುಲಿಗೆ ಇಳಿಸಿ, ಎರಡೂ ಸಲ್ಲವು ಎಂದು ತಿರಸ್ಕರಿಸಿ, ಕೊನೆಗೆ ಯಾರ ಕಣ್ಣಿಗೂ ಬೀಳದಿದ್ದ ಈ ನೀಲಿಯನ್ನು ನಾನೊಬ್ಬನೇ ಗುರುತಿಸಿ ತಂದದ್ದು.

"ಅಬ್ಬ. ನಮಗೂ ಒಂದ್ಸಲ ಬನ್ನಿ ಗೌಡ್ರೆ" ಎಂದ ಜಟ್ಟಿಂಗಪ್ಪ, ಕೈಮುಗಿಯುವಷ್ಟು ಭಕ್ತಿಯಿಂದ.

"ಬರ್ತೀನಿ ಬಿಡು. ನಾನು ಕೈಯಿಟ್ಟ ಯಂತ್ರ ನನ್ನ ಮಾತು ಮೀರದಿಲ್ಲ" ಎಂದೆ.

ಆಗ ವೆಂಕಮ್ಮ ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಅವಸರವಿಲ್ಲ, ಸಿಟ್ಟಿಲ್ಲ. ಯಂತ್ರದ ಬಾಗಿಲ ಹತ್ತಿರ ನಿಂತಳು.

"ನಾನು ಹೇಳ್ತಾ ಇರದಲ್ಲ ಇದು. ಅದೇ ಹೇಳಿ ಕಳಿಸಿದ್ದು" ಎಂದು, ಕನ್ನಡಕ ಹಾಕಿದ್ದ ಜಟ್ಟಿಂಗಪ್ಪನ ಕೈಗೆ ಫೋನು ಕೊಟ್ಟಳು. ಅವನು ದೂರ ಹಿಡಿದು, ಹತ್ತಿರ ಹಿಡಿದು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದ:

"ಇಂಜಿನ್ ಚಾಲೂ ಇದೆ. ಸೀಟಿನ ಮೇಲೆ ಭಾರ ಇದೆ. ಕೆಲಸ ಏನೂ ಆಗುತ್ತಿಲ್ಲ."